ಗಾವಡಗೆರೆಯಲ್ಲಿ ಎರಡು ಗೆರೆ

ಗಾವಡಗೆರೆಯವರ ಕಣ್ಣು ಮೋಸ ಹೋಗುವುದಿಲ್ಲ. ಇದು ಸರ್ಕಾರ ಒಪ್ಪಿದ ಸಂಗತಿ.

ಮೈಸೂರಿನಿಂದ ರೂಪಶ್ರೀ ಎಂಬ ಸಂಶೋಧಕಿ ಬಂದರು. ಹಾಲಿನ ಡೇರಿ ಮುಂದೆ ಜನರನ್ನು ಕೂರಿಸಿ ಒಂದು ಕಾರ್ಡು ತೋರಿಸಿದರು. ಅದರಲ್ಲಿ ಎರಡು ಗೆರೆ, ತುದಿಗಳಲ್ಲಿ ಬಾಣದ ಗುರುತು: ಒಂದರಲ್ಲಿ ಒಳಕ್ಕೆ ಮಡಚಿದೆ, ಇನ್ನೊಂದರಲ್ಲಿ ಹೊರಕ್ಕೆ ಬಿಚ್ಚಿದೆ. ಉದ್ದ ಒಂದೇ. ಆದರೆ ಬಾಣ ಬಿಚ್ಚಿಕೊಂಡದ್ದೇ ಉದ್ದ ಎನ್ನುತ್ತಾರಂತೆ, ಕಂಡಕಂಡವರೆಲ್ಲ.

"ಯಾವುದು ಉದ್ದ, ಅಜ್ಜ?"

"ಎರಡೂ ಸಮ ಕಣವ್ವ" ಎಂದ ಕೆಂಪಯ್ಯ. ಊರೆಲ್ಲ ಅದನ್ನೇ ಹೇಳಿತು.

ನಮ್ಮಲ್ಲಿ ಆಸ್ತಿ ಪಾಲಾಗುವಾಗ ಹಿರಿಯರು ನಿಂತು "ಎರಡೂ ಸಮ" ಎನ್ನಬೇಕು. ಬೇರೆ ಹೇಳಿದವನಿಗೆ ಊಟದ ಎಲೆ ಹಾಕುವುದಿಲ್ಲ. ಹಾಗಾಗಿ ಎರಡು ವಸ್ತು ಮುಂದಿಟ್ಟರೆ ಬಾಯಿ ತಾನಾಗಿ ಸಮ ಎನ್ನುತ್ತದೆ.

ರೂಪಶ್ರೀ ಜಾಣೆ. ಇನ್ನೊಂದು ಕಾರ್ಡು ತೆಗೆದರು. ಒಂದು ಗೆರೆ ಇನ್ನೊಂದರ ಅರ್ಧ.

"ಸಮ."

"ಸರಿಯಾಗಿ ನೋಡಿ, ಅಜ್ಜ."

"ನೋಡ್ದೆ ಕಣವ್ವ. ಗಿಡ್ಡ ಗೆರೆಯೋರು ಏನಾರ ತಕರಾರು ತೆಗೆದವ್ರಾ?"

ಇದು ಕಣ್ಣಿನ ಗುಣವಲ್ಲ, ಬಾಯಿಯ ರೂಢಿ ಎಂದು ಅವರು ವರದಿ ಬರೆದರು. ಆಸ್ತಿ ಹಂಚಿಕೆ ನೋಡಿಕೊಳ್ಳುವ ಸರ್ಕಾರದ ಪಾಲು-ಪಾರಿಖತ್ತು ಪ್ರಾಧಿಕಾರವು ಮೊದಲ ಕಾರ್ಡನ್ನು ಅಂಗೀಕರಿಸಿ, ಎರಡನೆಯದನ್ನು ಮುದ್ರಣದೋಷವೆಂದು ತಿರಸ್ಕರಿಸಿತು. ಪ್ರಕಟಣೆ ಹೊರಬಿತ್ತು: "ಇನ್ನು ಮುಂದೆ ಸದರಿ ಗ್ರಾಮಸ್ಥರ ನೋಟವೇ ಅಳತೆ. ಟೇಪು, ಸರಪಳಿ ಮುಟ್ಟಿದವರು ಶಿಕ್ಷಾರ್ಹರು."

ಆಗಲೇ ಭದ್ರಮ್ಮನ ಪಾಲಿನ ವಿಚಾರ ಬಂತು. ಅಪ್ಪನ ಹೊಗೆಸೊಪ್ಪಿನ ಹೊಲಕ್ಕೆ ತಮ್ಮ ಚೆಲುವರಾಜು ತಾನೇ ಬದು ಹಾಕಿದ್ದ. ಅವಳ ಕಡೆ ಎತ್ತು ತಿರುಗಿಸಲು ಜಾಗವಿಲ್ಲ. ಅವನ ಕಡೆ ಲಾರಿ ತಿರುಗುತ್ತದೆ. ಅವಳಿಗೆ ಬೇರೆ ಜಮೀನಿಲ್ಲ.

ಪ್ರಾಧಿಕಾರದ ಸೋಮಶೇಖರ್ ಬದುವಿನ ಮೇಲೆ ನಿಂತು ಕೇಳಿದರು. ಊರು "ಸಮ" ಎಂದಿತು.

"ಕೂದಲೆಳೆ ವ್ಯತ್ಯಾಸ ಇಲ್ಲ ಸಾ" ಎಂದ ಚೆಲುವರಾಜು.

"ನೀವೇನಂತೀರಮ್ಮ?"

"ಸಮವೇ ಸ್ವಾಮಿ" ಎಂದಳು ಭದ್ರಮ್ಮ. "ಅಂಗಾರೆ ಆ ಕಡೇದು ನಂಗೆ ಬರೀರಿ, ಈ ಕಡೇದು ಅವನಿಗೆ. ಸಮ ಅಂದ್ಮೇಲೆ ಯಾವ್ದಾದ್ರೇನು?"

ಸೋಮಶೇಖರ್ ನಿಯಮಾವಳಿ ತಿರುವಿದರು. ಅಡ್ಡಿ ಇರಲಿಲ್ಲ.

"ಟೇಪು ತರ್ಸಿ ಸಾ!" ಎಂದು ಚೆಲುವರಾಜು ಕೂಗಿದ.

"ಅಪರಾಧವಾಗುತ್ತದೆ."

"ಯಾಕ್ಲಾ, ಕಣ್ಗೇನಾಯ್ತು ನಿಂಗೆ?" ಎಂದ ಕೆಂಪಯ್ಯ. "ಸಮವಾಗೇ ಅದೆ, ಬುಡು."

ಚೆಲುವರಾಜು ಎರಡೂ ಹೊಲ ನೋಡಿದ. ಊರನ್ನೂ ನೋಡಿದ. ಸಹಿ ಹಾಕಿದ.

ಈಚೆಗೆ ರಾವಂದೂರಿನವರೂ ತಮ್ಮ ಪಾಲುಗಳನ್ನು ನೋಡಲು ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಿದ್ದಾರೆ. ಪ್ರಾಧಿಕಾರವು ಚೆಲುವರಾಜುವನ್ನೇ ನೇಮಿಸಿದೆ. ಅವನಷ್ಟು ಗಟ್ಟಿಯಾಗಿ ಸಮ ಎನ್ನುವವರು ಈಗ ತಾಲ್ಲೂಕಿನಲ್ಲೇ ಇಲ್ಲ.