ನಾನು ಬಾಯಿಗಿಡದ ಅಡುಗೆ

ಅಡುಗೆ ಮಾಡುವವರಲ್ಲಿ ಎರಡು ಪಂಗಡ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುವವರು ಒಂದು ಕಡೆ. ಬಡಿಸುವ ಮೊದಲೇ ಎಂಜಲಾದೀತೆಂದು ಹೆದರಿ, ಉಪ್ಪು ಹುಳಿಯನ್ನು ಮೂಗಿನಲ್ಲೇ ಪತ್ತೆ ಮಾಡುವವರು ಇನ್ನೊಂದು ಕಡೆ. ನಾನು ಚಾಮರಾಜಪೇಟೆಯ ಎರಡನೇ ಪಂಗಡದ ಮನೆಯಲ್ಲಿ ಬೆಳೆದವಳು. ನಮ್ಮಮ್ಮ ಸಾರಿನ ಹಬೆ ತಾಗಿದ್ದೇ ತಡ, "ಉಪ್ಪು ಒಂದು ಕಲ್ಲು ಕಮ್ಮಿ" ಎಂದುಬಿಡುತ್ತಿದ್ದಳು, ಹಾಕಿದರೆ ಸರಿಹೋಗುತ್ತಿತ್ತು. ಆ ಮೂಗು ನನಗೂ ಬಂದಿದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಬಂದಿರುವುದು ಅದರ ಆಕಾರ ಮಾತ್ರ ಎಂದು ತಿಳಿದದ್ದು ಇಲ್ಲಿ ಸ್ವೀಡನ್ನಿನ ಸೋಲ್ನಾದ ನಮ್ಮ ಮೂರನೇ ಮಹಡಿಯ ಫ್ಲಾಟಿನಲ್ಲಿ, ಹ್ಯಾಮ್ ಹಾಕಿದ ಆಲೂಗಡ್ಡೆ ಬೇಯಿಸುವಾಗ.

ಹ್ಯಾಮ್ ಎಂದರೆ ಹಂದಿಮಾಂಸ. ನಾನು ಮೊಟ್ಟೆಯನ್ನೂ ಮುಟ್ಟದವಳು. ಆದರೆ ಮದುವೆಯಾದದ್ದು ನಮ್ಮ ಆಫೀಸಿನ ಎರಿಕ್ ಎಂಬ ಸ್ವೀಡಿಷ್ ಹುಡುಗನನ್ನು, ಅವನ ಮನೆತನದಲ್ಲಿ ಅತ್ತೆಯಿಂದ ಸೊಸೆಗೆ ಇಳಿದು ಬಂದ ಅಡುಗೆ ಒಂದಿದೆ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ಹ್ಯಾಮಿನ ಚೂರು, ಇವನ್ನು ಪದರಪದರವಾಗಿ ಜೋಡಿಸಿ, ಮೇಲೆ ಕೆನೆ ಸುರಿದು, ಕೆಂಪಗಾಗುವ ತನಕ ಓವನ್ನಿನಲ್ಲಿ ಇಡುವುದು. ನಮ್ಮ ಮಾವ ಇದ್ದಷ್ಟು ದಿನ ಅದಕ್ಕಾಗಿ ಪ್ರಾಣ ಬಿಡುತ್ತಿದ್ದರಂತೆ. ಅವರು ಹೋದ ಮೇಲೆ, ನವೆಂಬರಿನಲ್ಲಿ ಬರುವ ಅಪ್ಪಂದಿರ ದಿನದಂದು ಮನೆಯವರೆಲ್ಲ ಸೇರಿ ಅದನ್ನೇ ಮಾಡಿ ತಿನ್ನುತ್ತಾರೆ. ತಿಥಿ ಎನ್ನುವ ಮಾತು ಇವರಲ್ಲಿಲ್ಲ, ಮಾಡುವುದು ಮಾತ್ರ ಅದನ್ನೇ. ಮೊದಲ ವರ್ಷ ನನ್ನ ಕೈ ತಾನಾಗಿ ಕಾಗೆಗೆ ಒಂದು ತುತ್ತು ಎತ್ತಿಡಲು ಹೋಗಿತ್ತು.

ಎರಡು ವರ್ಷದ ಹಿಂದೆ ಅತ್ತೆ ಗುನಿಲ್ಲಾ ಅವರ ಮಣಿಕಟ್ಟು ಕೈಕೊಟ್ಟಿತು. ಕಂದು ಬಣ್ಣದ ಆ ಭಾರದ ಮಣ್ಣಿನ ಪಾತ್ರೆಯನ್ನು ಓವನ್ನಿನಿಂದ ಎತ್ತುವುದು ಅವರಿಂದ ಆಗದಾಯಿತು. (ಇಲ್ಲಿ ಅತ್ತೆಯನ್ನು ಹೆಸರು ಹಿಡಿದೇ ಕರೆಯಬೇಕು. "ಗುನಿಲ್ಲಾ" ಎನ್ನುವಾಗಲೆಲ್ಲ ನಾನು ಮನಸ್ಸಿನಲ್ಲೇ "ಅವರೇ" ಸೇರಿಸಿಕೊಳ್ಳುತ್ತೇನೆ.) ಪಾತ್ರೆ ಯಾರ ಮನೆಗೆ ಹೋಗಬೇಕು ಎನ್ನುವ ಪ್ರಶ್ನೆ ಬಂತು. ನಾದಿನಿ ಕಾರಿನ್ ಮುಂದೆ ಬಂದು, "ನಾನು ಮಾಡ್ತೀನಿ, ಸ್ವಲ್ಪ ಕರಿ ಪೌಡರ್ ಹಾಕಿದ್ರೆ ಇನ್ನೂ ಚೆನ್ನಾಗಿರತ್ತೆ" ಎಂದಳು. ಅತ್ತೆಯ ಮುಖ ನೋಡಿದೆ. ಗಂಡನ ನೆನಪಿಗೆ ಅರಿಶಿನ ಬಳಿದಂತಾದ ಮುಖ. "ಈ ಸಲ ನಾನು ಮಾಡ್ತೀನಿ" ಎಂದುಬಿಟ್ಟೆ. ಎಲ್ಲರೂ ನನ್ನತ್ತ ತಿರುಗಿದರು, ಎರಿಕ್ ಅಂತೂ ಕಾಫಿ ಲೋಟ ಕೆಳಗಿಟ್ಟು ತಿರುಗಿದ. ಅತ್ತೆ ಒಂದು ಹಳೇ ಚೀಟಿಯನ್ನೂ, ಆ ಒಂದು ದಿನಕ್ಕೆಂದು ಪಾತ್ರೆಯನ್ನೂ ಕೊಟ್ಟು, "ಮಾಡಿ ನೋಡು, ಆಮೇಲೆ ಪಾತ್ರೆಯ ವಿಷಯ" ಎಂದರು. ಅರ್ಥ ಸ್ಪಷ್ಟವಾಗಿತ್ತು: ನಾನು ಕೆಡಿಸಿದರೆ ಕರಿ ಪೌಡರ್.

ಅಪ್ಪಂದಿರ ದಿನ ಬೆಳಿಗ್ಗೆ ಕೈಗೆ ಗ್ಲೌಸ್ ಹಾಕಿಕೊಂಡು, ಹಿಡಿಗೆ ಕೆಂಪು ಟೇಪು ಸುತ್ತಿದ ಬೇರೆ ಚಾಕುವಿನಿಂದ, ಮುಖ ಅರ್ಧ ಆಚೆ ತಿರುಗಿಸಿಕೊಂಡು ಹ್ಯಾಮ್ ಹೆಚ್ಚಿದೆ. ಚೀಟಿಯಲ್ಲಿ ಆಲೂಗಡ್ಡೆಗೆ ತೂಕವಿತ್ತು, ಕೆನೆಗೆ ಅಳತೆಯಿತ್ತು, ಬಿಳಿ ಮೆಣಸಿನ ಪುಡಿಗೆ ಚಿಟಿಕೆಯ ಲೆಕ್ಕವೂ ಇತ್ತು. ಉಪ್ಪಿನ ಹೆಸರೇ ಇರಲಿಲ್ಲ. ಮುದುಕಿ ಬರೆಯುವಾಗ ಮರೆತಿರಬೇಕು, ಪಾಪ, ಎಂದುಕೊಂಡೆ. ನಮ್ಮ ಅಡುಗೆ ಪುಸ್ತಕಗಳಲ್ಲಾದರೆ ಪಾಯಸ ಒಂದು ಬಿಟ್ಟು ಮಿಕ್ಕೆಲ್ಲದರ ಕೊನೆಗೆ "ಉಪ್ಪು ರುಚಿಗೆ ತಕ್ಕಷ್ಟು" ಎಂದಿರುತ್ತದೆ. ಯಾರ ರುಚಿಗೆ ಎಂದು ಮಾತ್ರ ಯಾರೂ ಬರೆದಿಲ್ಲ.

ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಹ್ಯಾಮಿನ ತಟ್ಟೆಯನ್ನು ಮೈಕ್ರೊವೇವ್ ಹಿಂದೆ ಬಚ್ಚಿಟ್ಟು, ಕ್ಯಾಮೆರಾವನ್ನು ಆಲೂಗಡ್ಡೆಯ ಮೇಲೆ ಮಾತ್ರ ಹಿಡಿದೆ.

"ಏನೇ ಇದು, ಬೀಗರ ಔತಣಾನಾ? ಇಷ್ಟೊಂದು ಆಲೂಗಡ್ಡೆ!"

"ಹೂಂ ಅಮ್ಮ. ಇದಕ್ಕೆ ಉಪ್ಪು ಎಷ್ಟು ಹಾಕ್ಲಿ?"

"ಕೆನೆ ಬೇರೆ ಹಾಕ್ತೀಯಾ? ಹಾಗಾದ್ರೆ ಮೂರು ಚಮಚ ಧಾರಾಳವಾಗಿ ಹಾಕು. ಆಲೂಗಡ್ಡೆ ಉಪ್ಪು ಕುಡಿಯತ್ತೆ ಕಣೇ, ಕಮ್ಮಿಯಾದ್ರೆ ಮಣ್ಣು ತಿಂದ ಹಾಗಿರತ್ತೆ."

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಅಂದು ಇಬ್ಬರೂ ಸೇರಿ ನನ್ನನ್ನು ಮುಳುಗಿಸಿದರು. ಅಮ್ಮನ ತಪ್ಪೇನಿಲ್ಲ, ಅವಳು ತನಗೆ ಕಂಡದ್ದಕ್ಕೆ ಸರಿಯಾದ ಲೆಕ್ಕವನ್ನೇ ಹೇಳಿದ್ದಳು. ರುಚಿ ನೋಡೋಣವೆಂದರೆ ನಾನು ತಿನ್ನುವಂಥದ್ದಲ್ಲ. ಎರಿಕ್‌ನನ್ನು ಕರೆಯೋಣವೆಂದರೆ ಎಂಜಲು. ಮೂಗಿನಿಂದ ನೋಡಿದೆ. ಮೂಗು ಎಲ್ಲ ಸರಿಯಾಗಿದೆ ಎಂದಿತು.

ಸರಿಯಾಗಿ ನಾಲ್ಕು ಗಂಟೆಗೆ ಬೆಲ್ ಆಯಿತು. ಹತ್ತು ನಿಮಿಷ ಮೊದಲೇ ಬಂದು, ಕೆಳಗೆ ಚಳಿಯಲ್ಲಿ ನಿಂತು, ಹೊತ್ತಾದ ಮೇಲೆ ಹತ್ತಿ ಬರುವುದು ಇವರ ಪದ್ಧತಿ. ಬಡಿಸಿದೆ. ಮೊದಲ ತುತ್ತಿಗೇ ಎಲ್ಲರ ಫೋರ್ಕು ನಿಂತಿತು. ಮಾವನ ನೆನಪಾಗಿರಬೇಕು ಎಂದು ನಾನೂ ತಲೆ ತಗ್ಗಿಸಿದೆ. ಅತ್ತೆ ನೀರು ಕುಡಿದರು. ಕಾರಿನ್ ನೀರು ಕುಡಿದು, "ಇದು ತುಂಬಾ... ಹೊಟ್ಟೆ ತುಂಬೋ ಊಟ" ಎಂದಳು. ಹೊಗಳಿಕೆ ಎಂದುಕೊಂಡು ಅವಳ ತಟ್ಟೆಗೆ ಇನ್ನೊಂದು ದೊಡ್ಡ ಚೂರು ಹಾಕಿದೆ. ಬೇಡ ಎಂದರೂ ಬಿಡದೆ ಉಪಚಾರ ಮಾಡುವುದು ನಮ್ಮ ಕಡೆಯ ಸಂಸ್ಕಾರ, ಬಡಿಸಿದ್ದನ್ನು ಬಿಡದೆ ತಿನ್ನುವುದು ಇವರದು. ಎರಡೂ ಸಂಸ್ಕಾರ ಸೇರಿ ಆ ಸಂಜೆ ನಾಲ್ಕು ಹೂಜಿ ನೀರು ಖಾಲಿಯಾಯಿತು. ಎರಿಕ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಪ್ರೀತಿ ಎಂದುಕೊಂಡೆ. ನಮ್ಮ ಕಡೆಯ ಚಿಕ್ಕಮ್ಮಂದಿರಾಗಿದ್ದರೆ ಮೊದಲ ತುತ್ತಿಗೇ "ಏನೇ, ಸಮುದ್ರಕ್ಕೇ ಒಗ್ಗರಣೆ ಹಾಕಿದ್ದೀಯಾ?" ಎಂದು ಕೇಳಿ ಎಲ್ಲರ ನಾಲಿಗೆ ಉಳಿಸುತ್ತಿದ್ದರು.

ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, "ಉಪ್ಪು ಹಾಕಿದ್ಯಾ?"

"ಮೂರು ಚಮಚ. ಚೀಟಿಯಲ್ಲಿ ಬರೆಯೋದು ಮರೆತಿದ್ರಿ."

"ಮರೆತಿರಲಿಲ್ಲ. ಹ್ಯಾಮ್ ಉಪ್ಪುನೀರಲ್ಲೇ ನೆಂದು ಬರತ್ತೆ. ಬೇರೆ ಉಪ್ಪು ಬೇಕಾಗಲ್ಲ."

ನೆಲ ಬಾಯಿಬಿಡಬಾರದೇ ಎನಿಸಿತು. ಇರುವವರ ಊಟವನ್ನಷ್ಟೇ ಅಲ್ಲ, ಹೋದವರ ದಿನವನ್ನೂ ಕೆಡಿಸಿದ್ದೆ. ನಾನು ಅತ್ತುಬಿಟ್ಟೆ. "ನನಗೆ ಗೊತ್ತಿರಲಿಲ್ಲ, ನಾನು ಅದನ್ನ ಯಾವತ್ತೂ ತಿಂದಿಲ್ಲ. ಪಾತ್ರೆ ಕಾರಿನ್‌ಗೇ ಕೊಟ್ಟುಬಿಡಿ" ಎಂದೆ.

ಅತ್ತೆ ಆ ಮಣ್ಣಿನ ಪಾತ್ರೆಯನ್ನು ಒರೆಸುತ್ತಾ ಹೇಳಿದರು, "ನೋಡು, ನನ್ನ ಅತ್ತೆ ಇದಕ್ಕೆ ಅಣಬೆ ಹಾಕ್ತಿದ್ರು, ಅವರಿಗಿಷ್ಟ ಅಂತ. ನಾನು ತೆಗೆದುಹಾಕಿದೆ, ನನಗಿಷ್ಟ ಇಲ್ಲ ಅಂತ. ಅವರು ಸಾಯೋವರೆಗೂ ಅದನ್ನ ಮರೀಲಿಲ್ಲ. ಕಾರಿನ್ ಏನು ಮಾಡ್ತಾಳೋ ನಿನಗೇ ಗೊತ್ತು. ನೀನು ತಿನ್ನೋದೇ ಇಲ್ಲ. ಇಷ್ಟಕ್ಕೆ ತಕ್ಕ ಹಾಗೆ ಬದಲಾಯಿಸೋಕೆ ನಿನಗೆ ಇಷ್ಟ ಅನ್ನೋದೇ ಇಲ್ವಲ್ಲ! ಇನ್ನು ಮೇಲೆ ಚೀಟಿಯಲ್ಲಿ ಇದ್ದ ಹಾಗೆ ಮಾಡ್ತೀಯ. ಇದು ನಿನ್ನ ಹತ್ರಾನೇ ಇರಲಿ." ಹೀಗೆ ಹೇಳಿ ಖಾಲಿ ಪಾತ್ರೆಯನ್ನು ಎರಡೂ ಕೈಯಿಂದ ಅವುಚಿಕೊಂಡು ನಮ್ಮ ಕಪಾಟಿನಲ್ಲಿ, ಕುಕ್ಕರಿನ ಪಕ್ಕ ಇಟ್ಟರು. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಅಂದಿನಿಂದ ನಾನು ತಕ್ಕಡಿಯಲ್ಲಿ ತೂಗಿ, ಚಮಚದ ತಲೆ ಸವರಿ ಮಾಡುತ್ತೇನೆ. ಹೋದ ವರ್ಷ ಎರಿಕ್ ಮೇಲೊಂದಿಷ್ಟು ಸಬ್ಬಸಿಗೆ ಸೊಪ್ಪು ಉದುರಿಸಲು ಬಂದಾಗ ಸೌಟು ತೋರಿಸಿ ಓಡಿಸಿದೆ. ಅಂದು ಮೊದಲ ತುತ್ತಿಗೇ ಕಾರಿನ್ ಕಣ್ಣು ಮುಚ್ಚಿ, "ಥೇಟ್ ಅಮ್ಮನ ಕೈರುಚಿ!" ಎಂದಳು. ಅಲ್ಲಿಗೆ ಸುಮ್ಮನಿರಬಹುದಿತ್ತು. "ಇಲ್ಲ ಕಾರಿನ್, ಅವರದ್ದರಲ್ಲಿ ಮೆಣಸು ಒಂದೆಳೆ ಮುಂದಿರುತ್ತಿತ್ತು" ಎಂದೆ. ಅತ್ತೆ ಫೋರ್ಕ್ ಕೆಳಗಿಟ್ಟು, ಇನ್ನೊಮ್ಮೆ ಅಗಿದು ನೋಡಿ, "ನಿಜ, ಸರಿಯಾಗಿ ಹೇಳಿದಳು" ಎಂದು ತಲೆದೂಗಿದರು. ನಾನು ಗಾಂಭೀರ್ಯ ಬಿಡದೆ ನನ್ನ ತಟ್ಟೆಯಲ್ಲಿದ್ದ ಚಿತ್ರಾನ್ನವನ್ನು ತಿನ್ನತೊಡಗಿದೆ.