ಗಿಡುಗನ ಮೂವತ್ತನೇ ಸಾಹಸ ಮತ್ತು ನನ್ನ ಬೀಗರು

ನಾನು ಪುಸ್ತಕವನ್ನು ಗೋಡೆಗೆ ಎಸೆಯುವ ಮನುಷ್ಯನಲ್ಲ. ಮಡಿಸಿದ ಪುಟ ಕಂಡರೆ ಇಸ್ತ್ರಿ ಮಾಡೋಣ ಅನ್ನಿಸುವ ಪೈಕಿ. ಅಂಥ ನಾನು ಆ ಶನಿವಾರ ಬೆಳಗ್ಗೆ ‘ಗಿಡುಗ’ನ ಮೂವತ್ತನೇ ಕಾದಂಬರಿಯನ್ನು ಬೀಸಿ ಒಗೆದೆ. ಅದು ಗೋಡೆಗೆ ಬಡಿದು, ಕ್ಯಾಲೆಂಡರನ್ನು ಕೆಡವಿ, ಬಟ್ಟೆ ನೆನೆಸಿಟ್ಟಿದ್ದ ಬಕೆಟ್ಟಿನಲ್ಲಿ ಜಲಸಮಾಧಿ ಹೊಂದಿತು.

“ಏನ್ರೀ ಅದು ಬಿದ್ದಿದ್ದು?” ಅಡುಗೆಮನೆಯಿಂದ ನನ್ನವಳ ಪ್ರಶ್ನೆ.

“ನನ್ನ ಅರ್ಧ ಆಯುಷ್ಯ ಕಣೇ!”

“ಸದ್ಯ. ನಾನು ಸೋಪಿನ ಡಬ್ಬಿ ಅಂದ್ಕೊಂಡೆ.”

ಗಿಡುಗ ಅಂದರೆ ಪತ್ತೇದಾರ. ಎಡಗಾಲು ಕುಂಟು, ನಾಲಿಗೆ ಚೂಪು, ಕಣ್ಣು ಹೆಸರಿಗೆ ತಕ್ಕ ಹಾಗೆ. ನಾನು ಚಡ್ಡಿ ಹಾಕುತ್ತಿದ್ದಾಗ ಅವನಿಗೆ ನಲವತ್ತು ವರ್ಷ. ಈಗ ನನ್ನ ಮೀಸೆ ನೆರೆತಿದೆ, ಅವನಿಗೆ ಇನ್ನೂ ನಲವತ್ತೇ. ಮೊದಲು ಚಿಕ್ಕಪ್ಪನಂತಿದ್ದವನು ಆಮೇಲೆ ಅಣ್ಣನಾದ, ಓರಗೆಯವನಾದ, ಈಗ ‘ಏನಯ್ಯಾ’ ಅಂತ ಗದರಬಹುದಾದ ತಮ್ಮ. ಅಪ್ಪ ತೀರಿಕೊಂಡ ವಾರ ನಾನು ಓದಿದ್ದು ಅವನನ್ನೇ. ಮಗಳು ಹುಟ್ಟುವಾಗ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಇದ್ದವನೂ ಅವನೇ. (ನನ್ನವಳು ಇದನ್ನು ಇವತ್ತಿಗೂ ಕ್ಷಮಿಸಿಲ್ಲ.)

ಅಂಥವನಿಗೆ ಬಂದ ಗತಿ ನೋಡಿ. ಕುಂಟುಗಾಲಿನವನು ಎರಡಾಳೆತ್ತರದ ಗೋಡೆ ಹಾರುತ್ತಾನೆ. ಹಿಂದೊಂದು ಪುಸ್ತಕದಲ್ಲಿ ಗುಂಡೇಟಿಗೆ ಸತ್ತು ನನ್ನನ್ನು ಊಟ ಬಿಡಿಸಿ ಅಳಿಸಿದ್ದ ಸಹಾಯಕ, ಇಲ್ಲಿ ಏನೂ ಆಗಿಲ್ಲವೆಂಬಂತೆ ಬಾಗಿಲು ತೆಗೆದು ‘ಚಹಾ ಮಾಡ್ಲಾ ಸಾರ್?’ ಅನ್ನುತ್ತಾನೆ. ಕೊಲೆಗಾರ ಯಾರು? ಕೊನೆಯ ಪುಟದಲ್ಲಿ ಪ್ರಪ್ರಥಮ ಬಾರಿಗೆ ದರ್ಶನ ಕೊಡುವ ಅವಳಿ ತಮ್ಮ! ಅದನ್ನು ಗಿಡುಗ ಕಂಡುಹಿಡಿದದ್ದು ಹೇಗೆ? ಕನಸಿನಲ್ಲಿ! ಪತ್ತೇದಾರನೇ ನಾಪತ್ತೆಯಾದ ಪತ್ತೇದಾರಿ ಕಾದಂಬರಿಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಲೇಖಕನ ವಂಶವನ್ನೆಲ್ಲ ನಾನು ಜಾಲಾಡುತ್ತಿರುವಾಗ ಮಗಳು ಬಂದು ಬಕೆಟ್ಟಿನಿಂದ ಪುಸ್ತಕವನ್ನು ಬೆರಳ ತುದಿಯಲ್ಲಿ ಎತ್ತಿದಳು. ಅವಳ ಮುಖ ಆ ಮುಖಪುಟಕ್ಕಿಂತ ಹೆಚ್ಚು ಬಣ್ಣಗೆಟ್ಟಿತ್ತು.

“ಅಪ್ಪಾ, ನಾಳೆ ನಮ್ಮ ಮದುವೆ ಮಾತಿಗೆ ಅವನ ಅಪ್ಪ ಅಮ್ಮ ಬರ್ತಾರಲ್ಲ... ಅವನ ಅಪ್ಪ ಪುಸ್ತಕ ಬರೀತಾರೆ ಅಂದಿದ್ದೆ.”

“ಹೌದು. ಲೆಕ್ಕದ ಗೈಡು ಅಂದ್ಕೊಂಡಿದ್ದೆ.”

“ಇದನ್ನೇ ಬರೆಯೋದು, ಅಪ್ಪಾ. ಬೇರೆ ಹೆಸರಲ್ಲಿ. ನಂಗೂ ನಿನ್ನೆನೇ ಗೊತ್ತಾಗಿದ್ದು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನನ್ನವಳು ಬಾಗಿಲಲ್ಲಿ ಪ್ರತ್ಯಕ್ಷಳಾದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತೀರ್ಪು ಕೊಟ್ಟಳು: “ಬೀಗರಾಗೋವರೆಗೂ ನಿಮ್ಮ ಬಾಯಿಗೆ ಬೀಗ.”

ಹೇಳುವುದು ಸುಲಭ. ನಾನು ಲಿಫ್ಟುಗಳ ತಪಾಸಣೆ ಮಾಡುವವನು. ಉಕ್ಕಿನ ಹಗ್ಗದಲ್ಲಿ ಎಳೆಗಳು ಹರಿದಿದ್ದರೆ, ಕಟ್ಟಡದ ಮಾಲೀಕ ಗೋಗರೆದರೂ ಸಹಿ ಹಾಕುವುದಿಲ್ಲ. ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಮರುದಿನ ಸಂಜೆಯ ಹೊತ್ತಿಗೆ ನನ್ನವಳು ನನಗೆ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿ ಕೂರಿಸಿದ್ದಳು. “ಯಾರಾದ್ರೂ ಕೇಳಿದ್ರೆ ಶೀತ ಅನ್ನಿ.”

“ಅದೂ ಸುಳ್ಳೇ ಅಲ್ವೇನೇ?”

“ಅದಕ್ಕೇ ಟೋಪಿ.”

ಲೇಖಕರೆಂದರೆ ಗುಡುಗಿನಂಥ ಆಸಾಮಿ ಬರಬಹುದೆಂದುಕೊಂಡಿದ್ದೆ. ಬಂದವರು ಕಾಲೊರಸಿನ ಕ್ಷಮೆ ಕೇಳಿ ಕಾಲೊರೆಸುವಂಥ ಸಾಧು. ಅವರ ಹೆಂಡತಿ ಮಾತ್ರ ಬೇರೆ ಧಾತು. ಸೋಫಾದಲ್ಲಿ ಕೂತ ರೀತಿಯಲ್ಲೇ ಅದು ಅವರ ಸೋಫಾ ಆಗಿಹೋಯಿತು. ಹುಡುಗ ಒಳ್ಳೆಯವನು. ನನ್ನಂತೆಯೇ ನೆಲ ನೋಡುತ್ತಿದ್ದ.

ಚಹಾ, ಬಿಸ್ಕತ್ತು, ಸೆಕೆ, ಬೀದಿಯ ಗುಂಡಿಗಳು ಎಲ್ಲ ಸುಸೂತ್ರವಾಗಿ ಮುಗಿದವು. ಆಮೇಲೆ ಲೇಖಕರು ಗಂಟಲು ಸರಿಮಾಡಿಕೊಂಡರು.

“ನೀವು ಮೊದಲಿನಿಂದಲೂ ಗಿಡುಗನ್ನ ಓದ್ತೀರಂತೆ. ಹೊಸದು ಓದಿದ್ರಾ?”

ಮೇಜಿನ ಕೆಳಗೆ ನನ್ನ ಹೆಬ್ಬೆರಳ ಮೇಲೆ ನನ್ನವಳ ಹಿಮ್ಮಡಿ ಬಂದು ಕೂತಿತು.

“ಓದಿದೆ. ಅಕ್ಷರ ದಪ್ಪ ಇದೆ. ಕಣ್ಣಿಗೆ ಹಿತ.”

“ಅಕ್ಷರ ಸರಿ. ಕತೆ?”

“ಹೊಲಿಗೆ ಬಹಳ ಗಟ್ಟಿ ಸಾರ್. ಎಷ್ಟು ಜೋರಾಗಿ...” ಹಿಮ್ಮಡಿ ಒತ್ತಿತು. “...ಓದಿದ್ರೂ ಪುಟ ಕಿತ್ತು ಬರಲ್ಲ.”

ಲೇಖಕರ ಹೆಂಡತಿ ಕಪ್ಪು ಕೆಳಗಿಟ್ಟರು. ಲೇಖಕರು ಇನ್ನಷ್ಟು ಮುಂದೆ ಬಾಗಿದರು. “ಆ ಅವಳಿ ತಮ್ಮ?”

“ನಿರೀಕ್ಷೆನೇ ಇರಲಿಲ್ಲ!” (ಇದು ಶುದ್ಧ ಸತ್ಯ.)

“ಸತ್ತುಹೋಗಿದ್ದ ಸಹಾಯಕ?”

“ಅವನು ಬಾಗಿಲು ತೆಗೆದಾಗ ನಂಗೆ ಮಾತೇ ಹೊರಡಲಿಲ್ಲ.” (ಇದೂ.)

ಟೋಪಿಯೊಳಗೆ ಬೆವರು ಧಾರಾಕಾರ. ಲೇಖಕರು ನನ್ನ ಕೈ ಹಿಡಿದುಕೊಂಡರು.

“ಸುತ್ತಿ ಬಳಸಿ ಬೇಡ. ಒಂದೇ ಮಾತು ಹೇಳಿಬಿಡಿ. ಗಿಡುಗ ಮುಂದುವರೀಬೇಕಾ, ಸಾಕಾ?”

‘ಸಾಕು’ ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ಚಪ್ಪಲಿ ಮೆಟ್ಟಿ ನಿಂತಿತ್ತು. ಮಗಳ ಕಡೆ ನೋಡಿದೆ. ಚಿಕ್ಕವಳಿದ್ದಾಗ ಜಾರುಬಂಡೆಯ ಮೇಲೆ ಕೂತು, ಕೆಳಗೆ ನಾನು ಹಿಡಿಯುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಳಲ್ಲ, ಅದೇ ಕಣ್ಣು.

“ಮುಂದುವರೀಲೇಬೇಕು,” ಅಂದೆ. “ಗಿಡುಗ ಇಲ್ಲದ ಬಾಳು ಬಾಳೇ ಅಲ್ಲ.”

ಲೇಖಕರ ಹೆಂಡತಿ ಚಪ್ಪಾಳೆ ತಟ್ಟಿದರು. “ನಾನು ಹೇಳ್ಲಿಲ್ವಾ!” ನನ್ನವಳ ಹಿಮ್ಮಡಿ ಮೇಲೆದ್ದಿತು. ಮಗಳು ನಕ್ಕಳು. ಲೇಖಕರೊಬ್ಬರು ಮಾತ್ರ ಗಾಳಿ ಹೋದ ಟೈರಿನಂತೆ ಕುಸಿದರು.

“ಸ್ವಲ್ಪ ಹೊರಗೆ ಬರ್ತೀರಾ?” ಅಂತ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಒಣಹಾಕಿದ್ದ ಟವೆಲ್ಲಿನ ಮರೆಯಲ್ಲಿ ನಿಂತರು. ಅಳುವುದೊಂದು ಬಾಕಿ.

“ಎಂಥ ಕೆಲಸ ಮಾಡಿಬಿಟ್ರಿ! ನಂಗೆ ಸಾಕಾಗಿದೆ ಸ್ವಾಮಿ. ಅವನ ಕಾಲು ಕುಂಟಿ ಕುಂಟಿ ನನ್ನ ಮಂಡಿ ನೋಯ್ತಿದೆ. ಆದ್ರೆ ಇವಳಿಗೆ ಗಿಡುಗನೇ ಹಿರೀ ಮಗ. ನಿಲ್ಲಿಸ್ತೀನಿ ಅಂದ್ರೆ ಊಟ ಬಿಡ್ತಾಳೆ. ಯಾರಾದ್ರೂ ಓದುಗರು ಉಗೀಲಿ ಅಂತ ಬೇಕಂತಲೇ ಗೋಡೆ ಹಾರಿಸಿದೆ, ಸತ್ತವನ್ನ ಎಬ್ಬಿಸಿದೆ. ಒಬ್ಬರೂ ಉಸಿರೆತ್ತಲಿಲ್ಲ. ಮೊನ್ನೆ ನಿಮ್ಮ ಮಗಳು ಹೇಳಿದ್ಲು, ಅಪ್ಪ ಕೆಟ್ಟ ಲಿಫ್ಟಿಗೆ ಸಹಿ ಹಾಕಿದವರಲ್ಲ ಅಂತ. ಅಂಥವರು ಕೆಟ್ಟದು ಅಂದ್ರೆ ನಿಲ್ಲಿಸಿ ಅಂತ ಇವಳೂ ಒಪ್ಪಿದ್ಲು. ನೀವು ನೋಡಿದ್ರೆ, ಬಾಳೇ ಅಲ್ಲ ಅಂತೀರಿ!”

ಟೋಪಿ ಕಿತ್ತೆಸೆದು ಒಳಗೆ ನುಗ್ಗಿ ಘೋಷಿಸಿದೆ: “ಅಮ್ಮಾ, ನಾನು ಹೇಳಿದ್ದು ಸುಳ್ಳು! ಪುಸ್ತಕ ದರಿದ್ರವಾಗಿದೆ! ಬಕೆಟ್ಟಿಗೆ ಎಸೆದಿದ್ದೀನಿ!”

ನನ್ನವಳು ಕಣ್ಣು ಮುಚ್ಚಿಕೊಂಡಳು. ಆದರೆ ಲೇಖಕರ ಹೆಂಡತಿ ತಣ್ಣಗೆ ಬಿಸ್ಕತ್ತು ಮುರಿಯುತ್ತ ಗಂಡನ ಕಡೆ ತಿರುಗಿದರು.

“ಬಾಲ್ಕನಿಯಲ್ಲಿ ನಿಂತು ಪಾಪದ ಮನುಷ್ಯನಿಗೆ ಬಾಯಿಪಾಠ ಮಾಡಿಸಿದ್ರಾ? ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?”

ಎಷ್ಟು ಆಣೆ ಹಾಕಿದರೂ ನಂಬಲಿಲ್ಲ. ನನ್ನ ಬದುಕಿನಲ್ಲಿ ಸತ್ಯ ಹೇಳಿ ಸುಳ್ಳುಗಾರನಾದದ್ದು ಅದೇ ಮೊದಲು. ಮದುವೆ ಮಾತ್ರ ಅಲ್ಲೇ ಗೊತ್ತಾಯಿತು.

ಹೊರಡುವಾಗ ಬೀಗರು ಮೆಟ್ಟಿಲ ಬಳಿ ನನ್ನ ಕಿವಿಯಲ್ಲಿ ಅಂದರು: “ಗಿಡುಗ ಹೇಗಿರಬೇಕು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮುಂದಿನದರ ಮೊದಲನೇ ಅಧ್ಯಾಯ ನೀವೇ ಬರೆದುಕೊಟ್ರೆ, ನನ್ನ ಕೈಬರಹದಲ್ಲಿ ಇಳಿಸಿ ಇವಳಿಗೆ ಕೊಡ್ತೀನಿ.”

ಸತ್ಯ ಹೇಳುತ್ತೇನೆ, ಎದೆ ಹಿಗ್ಗಿಹೋಯಿತು. ಗಿಡುಗನನ್ನು ಉಳಿಸುವ ಭಾಗ್ಯ ನನಗೆ! ಕಚೇರಿಗೆ ರಜೆ ಹಾಕಿ ಊಟದ ಮೇಜಿಗೆ ಕೂತೆ. ಗೋಡೆ ಹಾರುವ ಅಸಂಬದ್ಧ ನನ್ನ ಹತ್ತಿರ ನಡೆಯುವುದಿಲ್ಲ. ಕುಂಟುಗಾಲಿನವನು ಮೇಲೆ ಹೋಗುವುದಾದರೆ ಲಿಫ್ಟಿನಲ್ಲೇ ಹೋಗಬೇಕು. ಲಿಫ್ಟೆಂದ ಮೇಲೆ ಅದರ ಮೋಟಾರು, ಬ್ರೇಕು, ರಾಟೆಗಳ ವಿಷಯ ಓದುಗನಿಗೆ ತಿಳಿಯಬೇಡವೇ?

ನನ್ನವಳು ತರಕಾರಿ ಹೆಚ್ಚಲು ಜಾಗ ಸಿಗದೆ ನನ್ನ ಭುಜದ ಮೇಲಿಂದ ಇಣುಕಿದಳು. “ಸತ್ತೋರು ಯಾರ್ರೀ?”

“ಇನ್ನೂ ಯಾರೂ ಸತ್ತಿಲ್ಲ. ಮೊದಲು ಹಗ್ಗದ ಪರೀಕ್ಷೆ ಮುಗೀಲಿ.”

ಬೀಗರು ಬಂದು ಹಾಳೆಗಳನ್ನು ಒಯ್ದರು. ಅಲ್ಲೇ ನಿಂತು ಓದಿ, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಆಮೇಲೆ ನನಗೆ ನೆಲದ ಮೇಲೆ ಕಾಲಿಲ್ಲ. ಫೋನು ಸದ್ದಾದಾಗಲೆಲ್ಲ ಓಡುತ್ತಿದ್ದೆ. ಕೊನೆಗೊಂದು ದಿನ ಬೀಗಿತ್ತಿಯ ಕರೆ ಬಂತು, ನನ್ನವಳಿಗೆ. ಕೈಗೆ ಹಿಟ್ಟು ಮೆತ್ತಿದ್ದರಿಂದ ಅವಳು ಸ್ಪೀಕರಿಗೆ ಹಾಕಿದಳು. ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತೆ.

“ಮುಂದಿನ ಕಾದಂಬರಿಯ ಮೊದಲನೇ ಅಧ್ಯಾಯ ಓದಿದೆ ಕಣ್ರೀ. ಓದ್ತಾ ಓದ್ತಾ ಅಳುನೇ ಬಂದುಬಿಡ್ತು.”

ನಾನು ನನ್ನವಳತ್ತ ಹುಬ್ಬು ಹಾರಿಸಿದೆ.

“ಪಾಪ, ನಮ್ಮನೆಯವರ ತಲೆ ಪೂರ್ತಿ ಖಾಲಿಯಾಗಿದೆ. ಗಿಡುಗ ಇನ್ನೂ ಲಿಫ್ಟಿಂದ ಆಚೆನೇ ಬಂದಿಲ್ಲ! ಇಷ್ಟು ಕೆಟ್ಟದಾಗಿ ಅವರು ಯಾವತ್ತೂ ಬರೆದಿರಲಿಲ್ಲ. ಇನ್ನು ಸಾಕು, ನಿಲ್ಲಿಸಿಬಿಡಿ ಅಂತ ನಾನೇ ಅಂದೆ. ನಿಮ್ಮನೆಯವರಿಗೆ ಮಾತ್ರ ಮೆತ್ತಗೆ ಹೇಳಿ, ಅಷ್ಟು ಹಚ್ಚಿಕೊಂಡಿದ್ದಾರೆ.”

ಅವರ ಹಿಂದೆ ಯಾರೋ ಜೋರಾಗಿ ಶಿಳ್ಳೆ ಹಾಕುತ್ತಿದ್ದರು. ಗಂಡಸಿನ ಶಿಳ್ಳೆ. ಅತ್ಯಂತ ಉಲ್ಲಾಸದ ಶಿಳ್ಳೆ.

ನನ್ನವಳು ಮೊಣಕೈಯಿಂದ ಫೋನು ಆರಿಸಿ, ಅಪರೂಪಕ್ಕೆ ಮೃದುವಾಗಿ ನನ್ನನ್ನು ನೋಡಿದಳು.

“ಹೋಗ್ಲಿ ಬಿಡ್ರೀ. ಅವಸರದಲ್ಲಿ ಗೀಚಿದ್ದು ತಾನೇ?”

ಅವಸರ! ಆ ಅಧ್ಯಾಯವನ್ನು ನಾನು ಏಳು ಸಲ ತಿದ್ದಿ ಬರೆದಿದ್ದೆ, ಸ್ವಾಮಿ.