ಸಾಹೇಬರ ಕೈ ಹಿಡಿದದ್ದು

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಇಲ್ಲಿನ ಗುಮಾಸ್ತರನ್ನು ಅತ್ತ ಮೈಸೂರಿಗೆ ವರ್ಗ ಮಾಡುತ್ತಾರೆಂಬ ಸುದ್ದಿ ಹಬ್ಬಿ ಗುಮಾಸ್ತ ಹಾವಗೆಪ್ಪನ ನಿದ್ದೆ ಹಾರಿಹೋಯಿತು. ಊರ ಪಕ್ಕದ ಚಿದ್ರಿಯಲ್ಲಿ ಆಗಷ್ಟೇ ಕಟ್ಟಿಸಿದ ಮನೆಯ ಗೋಡೆಗೆ ಬಳಿದ ಗಿಲಾವು ಕೂಡ ಒಣಗಿರಲಿಲ್ಲ.

“ಅಲ್ಲಿ ಸಾರಿಗೂ ಬೆಲ್ಲ ಹಾಕ್ತಾರಂತ. ನಾ ಅಂತೂ ಈ ಮನಿ ಬಿಟ್ಟು ಬರಂಗಿಲ್ಲ. ನೀವೊಬ್ಬರೇ ಹೋಗ್ರಿ,” ಎಂದು ಹೆಂಡತಿ ಈರಮ್ಮ ತೀರ್ಪು ಕೊಟ್ಟುಬಿಟ್ಟಳು.

ಉಪಾಯ ಹೇಳಿದವನು ಕಚೇರಿಯ ಪಕ್ಕದ ಮೇಜಿನ ನಜಮೋದ್ದೀನ. ಕೇಳದಿದ್ದರೂ ಸಲಹೆ ಕೊಡುವುದು ಅವನ ಹುಟ್ಟುಗುಣ.

“ಮೈಸೂರಿಂದ ಬಂದ ಹೊಸ ಸಾಹೇಬರು ನಾಳಿ ಝರಣಿ ನರಸಿಂಹನ ದರ್ಶನಕ್ಕ ಹೊಂಟಾರ. ಯಾರಿಗೆ ವರ್ಗ ಅಂತ ಹೇಳೋರು ಅವರೇ. ಗವಿದಾಗ ಎದಿಮಟ ನೀರು, ಮ್ಯಾಲ ಬಾವಲಿ. ಘಾಬರಿ ಆಗ್ತಾರ. ನೀವು ಕೈ ಹಿಡೀರಿ. ಒಮ್ಮಿ ಹಿಡಿದ್ರ ಮುಂದ ಅವರು ನಿಮ್ಮ ಕೈ ಬಿಡಂಗಿಲ್ಲ.”

“ಬಾವಿ ಇಣುಕಿ ನೋಡಿದ್ರೂ ನನಗ ತಲಿ ತಿರಗ್ತದರಿ!”

“ಹಂಗಾದ್ರ ಮೈಸೂರಿಗೇ ಹೋಗ್ರಿ.”

ಮರುದಿನ ಝರಣಿಯ ಗವಿಯಲ್ಲಿ ಹಾವಗೆಪ್ಪ ಸಾಹೇಬರ ಜೊತೆ ನೀರಿಗಿಳಿದ. ನೀರು ಮೊಣಕಾಲಿಗೆ ಬಂದಾಗ ಸಾಹೇಬರು ಅವನ ಕೈ ಹಿಡಿದರು, ಸೊಂಟಕ್ಕೆ ಬಂದಾಗ ಹೆಗಲು ಹಿಡಿದರು. ಬಾವಲಿಯೊಂದು ಕಿವಿಯ ಪಕ್ಕ ಹಾರಿದ್ದೇ ತಡ, “ಅಯ್ಯೋ, ಬಿಡಬೇಡ್ರೀ!” ಎಂದು ಅವನ ಬೆನ್ನನ್ನೇ ಏರಿಬಿಟ್ಟರು. ಆಸಾಮಿ ಜೋಳದ ಚೀಲದಷ್ಟು ಭಾರ. ಮೇಲಾಗಿ ಹಾವಗೆಪ್ಪನ ಧೋತರ ಬೇರೆ ಸಡಿಲಾಗತೊಡಗಿತು.

“ಹಾವಗೆಪ್ಪಣ್ಣ, ಮುಂದ ಸರೀರಿ! ನಾವೂ ದೇವರ ಮಾರಿ ನೋಡಬೇಕು,” ಎಂದು ಹಿಂದಿನಿಂದ ನೆರೆಮನೆಯ ಕಸ್ತೂರಿಬಾಯಿ ತಿವಿದಳು.

ಒಂದು ಕೈ ಸಾಹೇಬರಿಗೆ, ಒಂದು ಕೈ ಧೋತರಕ್ಕೆ. ಪಾಪ, ದೇವರಿಗೆ ಮುಗಿಯಲು ಕೈಯೇ ಉಳಿಯಲಿಲ್ಲ. ಹಾವಗೆಪ್ಪ ಮನಸ್ಸಿನಲ್ಲೇ ಬೇಡಿಕೊಂಡ: “ನರಸಿಂಹ ದೇವಾ, ಈ ಸಾಹೇಬರು ನನ್ನ ಕೈ ಎಂದೂ ಬಿಡಬಾರದು ನೋಡಪ್ಪ.”

ಹೊರಗೆ ಬಂದಾಗ ಸಾಹೇಬರ ಕಣ್ಣೂ ಒದ್ದೆಯಾಗಿತ್ತು. “ನಮ್ಮಪ್ಪ ಕೂಡ ನನ್ನನ್ನ ಇಷ್ಟು ಜೋಪಾನವಾಗಿ ಹೊತ್ತಿರಲಿಲ್ಲ, ಹಾವಗೆಪ್ಪನೋರೇ.”

ಇದೇ ಸಮಯವೆಂದು ಹಾವಗೆಪ್ಪ ಹಲ್ಲು ಕಟಕಟಿಸುತ್ತಲೇ ಅಂದ, “ನಾ ಯಾವಾಗ್ಲೂ ನಿಮ್ಮ ಕೈಕೆಳಗೇ ಇರಬೇಕ್ರಿ. ಅಷ್ಟಾದ್ರ ಸಾಕು.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ! ನಿನ್ನೆ ನನಗೆ ವಾಪಸ್ಸು ಮೈಸೂರಿಗೆ ವರ್ಗ ಆಯ್ತು. ಅದಕ್ಕಾಗಿ ಹೊತ್ತಿದ್ದ ಹರಕೆ ತೀರಿಸೋಕ್ಕೇ ಇಲ್ಲಿಗೆ ಬಂದಿದ್ದು. ನಂಬಿಕಸ್ಥ ಗುಮಾಸ್ತನೊಬ್ಬನ್ನ ಜೊತೇಲಿ ಕರ್ಕೊಂಡು ಬನ್ನಿ ಅಂತ ಮೇಲಿನವರು ಅಂದಿದ್ದಾರೆ. ಯಾರನ್ನ ಅಂತ ಯೋಚಿಸ್ತಿದ್ದೆ. ನರಸಿಂಹನೇ ತೋರಿಸಿಕೊಟ್ಟ!”

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ. ಮೆಟ್ಟಿಲ ಮೇಲೆ ಒಣಬಟ್ಟೆ ಹಿಡಿದು ಕಾಯುತ್ತಿದ್ದ ನಜಮೋದ್ದೀನನಿಗೆ ಮೈಸೂರಿನ ಮಾತು ಕೇಳಿಸಿರಲಿಲ್ಲ. ಅವನು ದೂರದಿಂದಲೇ ಹಿಗ್ಗಿ ಕೂಗಿದ, “ನಾ ಹೇಳಿದ್ದಿಲ್ಲೇನ್ರಿ, ಕೈ ಬಿಡಂಗಿಲ್ಲಂತ?”

ಸಾಹೇಬರು ಹಾವಗೆಪ್ಪನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.